ಒಂದೇ ಕೊಳಗ: ಶಾಂತವೇರಿ ಗೋಪಾಲಗೌಡರ ಬದುಕು



ಹೆಗ್ಗೋಡು ಎಂದ ಕೂಡಲೇ ನಿಮಗೆ ನೀನಾಸಂ ನೆನಪಾಗುತ್ತದೆ, ಕೆ.ವಿ. ಸುಬ್ಬಣ್ಣನವರು ನೆನಪಾಗುತ್ತಾರೆ. ಆದರೆ ಇದೇ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಓಡಾಡಿ, ಈ ನೆಲದ ರೈತರ ಬದುಕನ್ನು ಬದಲಿಸಲು ಹೋರಾಡಿದ ಶಾಂತವೇರಿ ಗೋಪಾಲಗೌಡರ ಹೆಸರನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಕೇಳಿದ್ದೀರಿ? ನನ್ನ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಮೇಲೆದ್ದದ್ದು ಎರಡೇ ಕೈ.

ಅದಕ್ಕೂ ಒಂದು ಕಾರಣವಿತ್ತು. ಅಳತೆಯ ಪಾಠ ನಡೆಯುತ್ತಿದ್ದ ದಿನ ಒಬ್ಬ ಹುಡುಗ ಅಜ್ಜನ ಮನೆಯ ಅಟ್ಟದಿಂದ ಹಳೆಯ ಕೊಳಗವೊಂದನ್ನು ತಂದಿದ್ದ. ಅದು ಏನೆಂದು ಬಹಳ ಮಕ್ಕಳಿಗೆ ತಿಳಿಯಲಿಲ್ಲ. ಭತ್ತ ಅಳೆಯುವ ಪಾತ್ರೆ ಎಂದು ಹೇಳಿದೆ. ಈ ಪಾತ್ರೆಯ ಗಾತ್ರದ ಬಗ್ಗೆಯೇ ಒಂದು ದೊಡ್ಡ ಸತ್ಯಾಗ್ರಹ ನಡೆದಿತ್ತೆಂದೂ, ಅದಕ್ಕಾಗಿ ನೂರಾರು ರೈತರು ಜೈಲಿಗೆ ಹೋದರೆಂದೂ ಹೇಳಿದಾಗ ಮಕ್ಕಳು ನಂಬಲಿಲ್ಲ. ಆ ಮಕ್ಕಳಿಗಾಗಿ ಮತ್ತು ನಿಮಗಾಗಿ ಈ ಲೇಖನ.

ಆರಗದ ಹುಡುಗ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಮನೆಯಲ್ಲಿ ಶ್ರೀಮಂತಿಕೆ ಇರಲಿಲ್ಲ. 1942ರ ಕ್ವಿಟ್ ಇಂಡಿಯಾ ಚಳವಳಿ ಬಂದಾಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ. ವಿದ್ಯಾರ್ಥಿಯಾಗಿದ್ದ ಅವರು ಚಳವಳಿಗೆ ಇಳಿದರು, ಜೈಲು ಕಂಡರು. ಹೊರಬಂದ ಮೇಲೆ ಅವರ ಒಲವು ಸಮಾಜವಾದದ ಕಡೆಗೆ ತಿರುಗಿತು. ಬ್ರಿಟಿಷರು ಹೋದರೆ ಸಾಲದು, ಉಳುವವನ ಮನೆಯಲ್ಲಿ ಗಂಜಿ ಬೇಯಬೇಕು ಎಂಬುದು ಆ ಕಾಲದ ಸಮಾಜವಾದಿ ಯುವಕರ ನಂಬಿಕೆಯಾಗಿತ್ತು. ಡಾ. ರಾಮಮನೋಹರ ಲೋಹಿಯಾ, ಜಯಪ್ರಕಾಶ ನಾರಾಯಣ ಮುಂತಾದವರು ದೇಶಮಟ್ಟದಲ್ಲಿ ಈ ಪಕ್ಷದ ನಾಯಕರು. ಮಲೆನಾಡಿನಲ್ಲಿ ಅದರ ದನಿಯಾಗಿ ಬೆಳೆದವರು ಗೋಪಾಲಗೌಡರು.

ಮಲೆನಾಡಿನ ಸ್ಥಿತಿ ಆಗ ಹೇಗಿತ್ತೆಂದು ನೀವು ತಿಳಿಯಬೇಕು. ಗದ್ದೆ, ತೋಟಗಳ ಒಡೆತನ ಕೆಲವೇ ಮನೆಗಳ ಕೈಯಲ್ಲಿತ್ತು. ಉಳುವವರು ಗೇಣಿದಾರರು. ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಒಡೆಯರಿಗೆ ಅಳೆದು ಕೊಡಬೇಕು. ಕೊಟ್ಟದ್ದಕ್ಕೆ ರಸೀದಿ ಇಲ್ಲ. ರಸೀದಿ ಇಲ್ಲದ ಮೇಲೆ ಗೇಣಿ ಬಾಕಿ ಇದೆ ಎಂದು ಯಾವಾಗ ಬೇಕಾದರೂ ಗದ್ದೆ ಬಿಡಿಸಬಹುದು. ಜೊತೆಗೆ ಒಡೆಯರ ಮನೆಯ ಬಿಟ್ಟಿ ಚಾಕರಿ ಬೇರೆ.

ಕಾಗೋಡಿನ ಕೊಳಗ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೆಚ್ಚಾಗಿ ದೀವರು. ಅಲ್ಲಿಯ ಜಗಳ ಕೊಳಗದ್ದು. ಸರ್ಕಾರದ ಲೆಕ್ಕದ ಕೊಳಗಕ್ಕಿಂತ ದೊಡ್ಡ ಕೊಳಗದಲ್ಲಿ ಗೇಣಿ ಭತ್ತ ಅಳೆಸಿಕೊಳ್ಳಲಾಗುತ್ತದೆ ಎಂಬುದು ರೈತರ ದೂರು. ಇದು ಸಣ್ಣ ವಿಷಯವೆಂದು ಭಾವಿಸಬೇಡಿ. ವಿದ್ಯಾರ್ಥಿಗಳೇ, ನೀವೇ ಲೆಕ್ಕ ಮಾಡಿ ನೋಡಿ. ಒಂದು ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹೋಗುತ್ತದೆ ಎಂದು ಇಟ್ಟುಕೊಳ್ಳಿ. ನೂರು ಕೊಳಗ ಗೇಣಿ ಕೊಡುವ ಮನೆಯಿಂದ ಐವತ್ತು ಸೇರು ಭತ್ತ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಮಳೆಗಾಲದಲ್ಲಿ ಮಕ್ಕಳು ಉಪವಾಸ ಮಲಗುವುದಕ್ಕೂ ಮಲಗದಿರುವುದಕ್ಕೂ ಇರುವ ಅಂತರ ಅಷ್ಟೇ.

ನಮ್ಮಲ್ಲಿ ಪವಿತ್ರ ಕುರ್‌ಆನ್ ಓದುವವರಿಗೆ ಇದು ಹೊಸ ವಿಷಯವಲ್ಲ. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಒಂದು ಸೂರಃ ಇದೆ, ಅಲ್ ಮುತಫ್ಫಿಫೀನ್. ತಮಗೆ ಬರಬೇಕಾದಾಗ ತುಂಬ ಅಳೆಸಿಕೊಂಡು, ಪರರಿಗೆ ಕೊಡುವಾಗ ಕಡಿಮೆ ಅಳೆಯುವವರಿಗೆ ಅದರಲ್ಲಿ ಕಠಿಣವಾದ ಎಚ್ಚರಿಕೆ ಇದೆ. ಪ್ರವಾದಿ ಶುಐಬ್ (ಅ) ತಮ್ಮ ಜನರಿಗೆ ಮಾಡಿದ ಉಪದೇಶದಲ್ಲೂ ಅಳತೆ ತೂಕದ ನ್ಯಾಯವೇ ಮುಖ್ಯ. ಒಂದೇ ಮನುಷ್ಯ ಎರಡು ಕೊಳಗ ಇಟ್ಟುಕೊಳ್ಳಬಾರದು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಕಾಗೋಡಿನ ರೈತರನ್ನು ಮೊದಲು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪನವರು. ಅವರು ಕಟ್ಟಿದ ರೈತ ಸಂಘ ಊರಿನವರದೇ ಸಂಘ. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಬಿಡಿಸಲ್ಪಟ್ಟ ಗದ್ದೆಗೆ ರೈತರು ತಂಡ ತಂಡವಾಗಿ ಇಳಿಯುವುದು, ಪೊಲೀಸರು ಹಿಡಿದು ಒಯ್ಯುವುದು, ಮರುದಿನ ಮತ್ತೊಂದು ತಂಡ ಇಳಿಯುವುದು, ಹೀಗೆ ನಡೆಯಿತು. ಸೋಷಲಿಸ್ಟ್ ಪಕ್ಷ ಬೆಂಬಲಕ್ಕೆ ನಿಂತಿತು. ಗೋಪಾಲಗೌಡರು ಮುಂಚೂಣಿಗೆ ಬಂದರು. ಹಿಂದ್ ಕಿಸಾನ್ ಪಂಚಾಯತ್‌ನ ನಾಯಕರಾಗಿದ್ದ ಲೋಹಿಯಾ ಜೂನ್ ತಿಂಗಳಲ್ಲಿ ಸ್ವತಃ ಕಾಗೋಡಿಗೆ ಬಂದರು. ಸಾಗರದಲ್ಲಿ ಅವರನ್ನು ಬಂಧಿಸಿ ಬೆಂಗಳೂರಿಗೆ ಒಯ್ದರು. ಒಂದು ಹಳ್ಳಿಯ ಕೊಳಗದ ಜಗಳ ಇಡೀ ದೇಶದ ಸುದ್ದಿಯಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಂದಿನ ಆಡಳಿತ ಪಕ್ಷವಾದ ಕಾಂಗ್ರೆಸ್ ದೆಹಲಿಯಲ್ಲಿ ಭೂಸುಧಾರಣೆಯ ಮಾತನಾಡುತ್ತಿತ್ತು. ಆ ಪಕ್ಷವೇ ನೇಮಿಸಿದ್ದ ಜೆ.ಸಿ. ಕುಮಾರಪ್ಪನವರ ಸಮಿತಿ 1949ರಲ್ಲಿ ಉಳುವವನ ಪರವಾಗಿ ವರದಿ ಕೊಟ್ಟಿತ್ತು. ಆದರೆ ಕಾಗೋಡಿನಲ್ಲಿ ಭೂಮಾಲೀಕರಾಗಿದ್ದ ಕೆ.ಜಿ. ಒಡೆಯರ್ ಅದೇ ಪಕ್ಷದ ಮುಖಂಡರು. ಮುಂದೆ 1952 ಮತ್ತು 1957ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದವರೂ ಅವರೇ. ದೆಹಲಿಯ ಠರಾವು ಒಂದು, ಜಿಲ್ಲೆಯ ನಡೆ ಇನ್ನೊಂದು. ರಾಷ್ಟ್ರೀಯ ಪಕ್ಷ ಮತ್ತು ಅದರ ಸ್ಥಳೀಯ ಶಾಖೆಯ ನಡುವೆ ಇರುವ ಬಿರುಕು ಎಂದರೆ ಇದೇ.

ಸಮಾಜವಾದಿಗಳಲ್ಲೂ ಪ್ರಶ್ನೆ ಇಲ್ಲದಿರಲಿಲ್ಲ. ಚಳವಳಿ ಯಾರದು, ಊರಿನ ರೈತ ಸಂಘದ್ದೋ ಅಥವಾ ಹೊರಗಿನಿಂದ ಬಂದ ಪಕ್ಷದ್ದೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ದೊಡ್ಡ ನಾಯಕರು ಬಂದರೆ ಪತ್ರಿಕೆಗಳು ಬರುತ್ತವೆ. ಅವರು ಹೋದ ಮೇಲೆ ಗದ್ದೆ ಕಳೆದುಕೊಂಡ ಮನೆ ಅಲ್ಲೇ ಉಳಿಯುತ್ತದೆ. ಸತ್ಯಾಗ್ರಹದಿಂದ ಆಗ ರೈತರಿಗೆ ಭೂಮಿ ಸಿಗಲಿಲ್ಲ. ಆದರೆ ತಲೆತಗ್ಗಿಸಿ ನಿಲ್ಲುತ್ತಿದ್ದವರು ತಲೆಯೆತ್ತಿದರು. ಆ ಮನೆಗಳ ಜೊತೆ ಉಳಿದವರಲ್ಲಿ ಗೋಪಾಲಗೌಡರು ಒಬ್ಬರು.

ವಿಧಾನಸಭೆಗೆ

1952ರಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಗೇಣಿದಾರರ ಕೈಗೆ ಮತದ ಚೀಟಿ ಬಂದಿತ್ತು. ಸಾಗರ-ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನು ಗೆಲ್ಲಿಸಿದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ ತುಂಬುತ್ತಿತ್ತು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಸೋಷಲಿಸ್ಟ್ ಪಕ್ಷಕ್ಕೆ ಬಂದದ್ದು ಮೂರು. ಮೂರೇ ಜನರ ಪಕ್ಷದವರಾದರೂ ಗೌಡರು ಎದ್ದು ನಿಂತರೆ ಸದನ ಕೇಳುತ್ತಿತ್ತು. ಗೇಣಿದಾರರ ಕಷ್ಟ, ಬಡವರ ಬವಣೆ, ಕನ್ನಡದ ಸ್ಥಾನಮಾನ ಅವರ ಮುಖ್ಯ ವಿಷಯಗಳು.

1955-56ರಲ್ಲಿ ಕರ್ನಾಟಕದ ಏಕೀಕರಣದ ಚರ್ಚೆ ಬಂತು. ಇಲ್ಲೂ ಒಂದೇ ಪಕ್ಷದೊಳಗೆ ಎರಡು ಮಾತುಗಳಿದ್ದವು. ಹಳೆಯ ಮೈಸೂರಿನ ಹಲವು ಕಾಂಗ್ರೆಸ್ಸಿಗರಿಗೆ ಏಕೀಕರಣ ಬೇಡವಾಗಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು, ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರು ಅದರ ಪರ ನಿಂತರು. ವಿರೋಧ ಪಕ್ಷದಲ್ಲಿದ್ದ ಗೋಪಾಲಗೌಡರೂ ಏಕೀಕರಣದ ಪರ ನಿಂತರು. ವಿರೋಧಿಗಳು ಹೇಳಿದ್ದೆಂಬ ಕಾರಣಕ್ಕೆ ಸರಿಯಾದುದನ್ನು ಬೇಡವೆನ್ನುವ ಅಭ್ಯಾಸ ಅವರಿಗಿರಲಿಲ್ಲ.

ಪಕ್ಷದೊಳಗಿನ ಎರಡು ಅಳತೆ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. 1952ರಲ್ಲಿ ಸೋಷಲಿಸ್ಟ್ ಪಕ್ಷವೂ ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷವೂ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. ಎರಡು ವರ್ಷಗಳಲ್ಲೇ ಆ ಪಕ್ಷಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಅದು ನಡೆದದ್ದು ಇಲ್ಲಲ್ಲ, ತಿರುವಾಂಕೂರು-ಕೊಚ್ಚಿಯಲ್ಲಿ. 1954ರಲ್ಲಿ ಅಲ್ಲಿ ಪಟ್ಟಂ ತಾಣು ಪಿಳ್ಳೆಯವರ ನೇತೃತ್ವದಲ್ಲಿ ಈ ಪಕ್ಷದ ಮಂತ್ರಿಮಂಡಲ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ರಾಜ್ಯದ ದಕ್ಷಿಣದ ತಮಿಳು ಭಾಗದಲ್ಲಿ ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಆಗ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ಉತ್ತರ ಪ್ರದೇಶದ ಜೈಲಿನಲ್ಲಿದ್ದರು. ತಮ್ಮದೇ ಪಕ್ಷದ ಮಂತ್ರಿಮಂಡಲ ರಾಜೀನಾಮೆ ಕೊಡಬೇಕೆಂದು ಅಲ್ಲಿಂದಲೇ ಕೇಳಿದರು. ರಾಜ್ಯ ಶಾಖೆ ಒಪ್ಪಲಿಲ್ಲ. ರಾಷ್ಟ್ರೀಯ ನಾಯಕರಲ್ಲೂ ಹೆಚ್ಚಿನವರು ಒಪ್ಪಲಿಲ್ಲ. ಲೋಹಿಯಾ ಪದವಿ ಬಿಟ್ಟರು. 1955ರ ಕೊನೆಗೆ ಪಕ್ಷ ಒಡೆಯಿತು. 1956ರ ಆರಂಭದಲ್ಲಿ ಹೈದರಾಬಾದಿನಲ್ಲಿ ಲೋಹಿಯಾ ಅವರ ಹೊಸ ಸೋಷಲಿಸ್ಟ್ ಪಕ್ಷ ಹುಟ್ಟಿತು.

ಇಲ್ಲಿ ನೀವು ನನ್ನನ್ನು ಒಂದು ಪ್ರಶ್ನೆ ಕೇಳಬಹುದು. ರಾಜ್ಯದ ಶಾಖೆಗೆ ತನ್ನ ನಿರ್ಧಾರ ತಾನೇ ಮಾಡುವ ಹಕ್ಕಿಲ್ಲವೇ? ದೂರದ ನಾಯಕ ಜೈಲಿನಿಂದ ಆಜ್ಞೆ ಕಳಿಸುವುದು ಸರಿಯೇ? ಒಳ್ಳೆಯ ಪ್ರಶ್ನೆ. ಕಾಗೋಡಿನಲ್ಲಿ ನಾವು ಸ್ಥಳೀಯರ ಪರ ಮಾತನಾಡಿದೆವು. ಇಲ್ಲಿ ಸ್ಥಳೀಯ ಶಾಖೆಯ ತಪ್ಪು ಎನ್ನಬೇಕಾಗಿದೆ. ಹಾಗಾದರೆ ನಮ್ಮ ನ್ಯಾಯ ಯಾವುದು?

ಉತ್ತರ ಆ ಕೊಳಗದಲ್ಲೇ ಇದೆ. ಕಾಂಗ್ರೆಸ್ ಸರ್ಕಾರದ ಪೊಲೀಸರು ಗುಂಡು ಹಾರಿಸಿದಾಗ ರಾಜೀನಾಮೆ ಕೇಳುವ ಪಕ್ಷ, ತನ್ನ ಸರ್ಕಾರದ ಪೊಲೀಸರು ಗುಂಡು ಹಾರಿಸಿದಾಗಲೂ ಅದೇ ಅಳತೆ ಹಿಡಿಯಬೇಕು ಎಂಬುದು ಲೋಹಿಯಾ ಅವರ ವಾದದ ಸಾರ. ಕೇಂದ್ರ ಯಾವಾಗಲೂ ಸರಿ ಎಂದೂ ಅಲ್ಲ, ಶಾಖೆ ಯಾವಾಗಲೂ ಸರಿ ಎಂದೂ ಅಲ್ಲ. ಯಾರು ಎರಡು ಕೊಳಗ ಇಟ್ಟುಕೊಂಡಿದ್ದಾರೆ ಎಂದು ನೋಡಬೇಕು.

ಈ ಒಡಕು ಕರ್ನಾಟಕದ ಸಮಾಜವಾದಿಗಳನ್ನೂ ಬಿಡಲಿಲ್ಲ. ಊರೂರಿನಲ್ಲಿ ಒಟ್ಟಿಗೆ ಜೈಲಿಗೆ ಹೋದವರು ಬೇರೆ ಬೇರೆ ಬಾವುಟದ ಕೆಳಗೆ ನಿಂತರು. 1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. 1962ರಲ್ಲಿ ತಮ್ಮ ತವರಾದ ತೀರ್ಥಹಳ್ಳಿಯಿಂದ ಗೆದ್ದು ಮತ್ತೆ ಸದನಕ್ಕೆ ಬಂದರು. ಚುನಾವಣೆಗೆ ಖರ್ಚು ಮಾಡಲು ಅವರ ಬಳಿ ಹಣವಿರಲಿಲ್ಲ. ಮತದ ಜೊತೆಗೆ ನೋಟನ್ನೂ ಮತದಾರರೇ ಕೊಟ್ಟರೆಂಬ ನೆನಪು ಈ ಸೀಮೆಯ ಹಿರಿಯರಲ್ಲಿ ಉಳಿದಿದೆ. ಇಂದು ಮತದಾರರಿಗೆ ಹಣ ಹಂಚುವ ಸುದ್ದಿ ಓದುವ ನಿಮಗೆ ಇದು ಕಥೆಯಂತೆ ಕಾಣಬಹುದು.

1964ರಲ್ಲಿ ಎರಡೂ ಬಣಗಳು ಸೇರಿ ಸಂಯುಕ್ತ ಸೋಷಲಿಸ್ಟ್ ಪಕ್ಷವಾಯಿತು. ಮರುವರ್ಷವೇ ಮತ್ತೆ ಬಿರುಕು ಬಿಟ್ಟಿತು. ಪ್ರಜಾ ಸೋಷಲಿಸ್ಟರು ಹಲವರು ಹೊರನಡೆದರು. ಗೋಪಾಲಗೌಡರು ಲೋಹಿಯಾ ಅವರ ಕಡೆಯಲ್ಲೇ ಉಳಿದರು. ಇದು ಲಾಭದ ಆಯ್ಕೆಯಾಗಿರಲಿಲ್ಲ. 1967ರ ಚುನಾವಣೆಯಲ್ಲಿ ಮೈಸೂರು ರಾಜ್ಯದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ 20 ಸ್ಥಾನ ಬಂದರೆ ಸಂಯುಕ್ತ ಸೋಷಲಿಸ್ಟ್ ಪಕ್ಷಕ್ಕೆ ಬಂದದ್ದು 6. ಆ ಆರರಲ್ಲಿ ತೀರ್ಥಹಳ್ಳಿಯ ಗೋಪಾಲಗೌಡರು ಒಬ್ಬರು. ಸಣ್ಣ ಬಣದಲ್ಲಿದ್ದರೂ ಅವರ ಮಾತಿನ ತೂಕ ಕಡಿಮೆಯಾಗಲಿಲ್ಲ.

ಹಿಂದಿಯೋ, ಕನ್ನಡವೋ?

ಲೋಹಿಯಾ ಅವರ ಮೇಲೆ ಗೌಡರಿಗಿದ್ದ ಪ್ರೀತಿ ಎಷ್ಟೆಂದರೆ ತಮ್ಮ ಮಗನಿಗೆ ಅವರ ಹೆಸರನ್ನೇ ಇಟ್ಟರು. ಆದರೆ ಪ್ರೀತಿ ಬೇರೆ, ಕುರುಡು ಅನುಸರಣೆ ಬೇರೆ. ಇದನ್ನು ತಿಳಿಯಲು ಭಾಷೆಯ ಪ್ರಶ್ನೆ ನೋಡಿ.

ಆಡಳಿತದಿಂದ ಇಂಗ್ಲಿಷ್ ತೊಲಗಬೇಕೆಂಬುದು ಲೋಹಿಯಾ ಪಕ್ಷದ ದೊಡ್ಡ ಚಳವಳಿ. ಜನಸಾಮಾನ್ಯರಿಗೆ ತಿಳಿಯದ ಭಾಷೆಯಲ್ಲಿ ಆಳುವುದೂ ಒಂದು ಬಗೆಯ ಮೋಸದ ಅಳತೆ ಎಂಬುದು ಅದರ ಹಿಂದಿನ ವಿಚಾರ. ನೋಟೀಸು ಓದಲಾರದವನು ನ್ಯಾಯ ಕೇಳುವುದು ಹೇಗೆ? ಆದರೆ ಉತ್ತರ ಭಾರತದ ಬೀದಿಗಳಲ್ಲಿ ಆ ಚಳವಳಿ ಹಿಂದಿಯ ಚಳವಳಿಯಂತೆ ಕಂಡಿತು. 1965ರಲ್ಲಿ ಮದ್ರಾಸ್ ರಾಜ್ಯ ಹಿಂದಿಯ ವಿರುದ್ಧ ಹೊತ್ತಿ ಉರಿಯಿತು. ಇಂಥ ಹೊತ್ತಿನಲ್ಲಿ ದಕ್ಷಿಣದ ಒಂದು ರಾಜ್ಯ ಶಾಖೆ ಏನು ಮಾಡಬೇಕು? ದೆಹಲಿಯ ಘೋಷಣೆಯನ್ನು ಹಾಗೇ ಕೂಗಿದರೆ ಊರಿನ ಜನ ದೂರವಾಗುತ್ತಾರೆ. ಕೂಗದಿದ್ದರೆ ಪಕ್ಷದ್ರೋಹ ಎನ್ನಿಸಿಕೊಳ್ಳಬೇಕಾಗುತ್ತದೆ.

ಗೋಪಾಲಗೌಡರು ಮತ್ತು ಅವರ ಗೆಳೆಯರು ಹಿಡಿದ ದಾರಿ ನೇರವಾಗಿತ್ತು. ಇಂಗ್ಲಿಷಿನ ಜಾಗಕ್ಕೆ ಇಲ್ಲಿ ಬರಬೇಕಾದದ್ದು ಕನ್ನಡ. ಸದನದಲ್ಲಿ ಕನ್ನಡ, ಕಚೇರಿಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ಹೀಗೆ ಪಕ್ಷದ ತತ್ವವನ್ನು ಬಿಡಲೂ ಇಲ್ಲ, ಜನರ ಭಾಷೆಯನ್ನು ಬಿಟ್ಟುಕೊಡಲೂ ಇಲ್ಲ. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದ ಅದೇ ಪಕ್ಷದ ಜೆ.ಎಚ್. ಪಟೇಲರು ದೆಹಲಿಯ ಸದನದಲ್ಲಿ ಕನ್ನಡದಲ್ಲೇ ಮಾತನಾಡಿದರು. ರಾಷ್ಟ್ರೀಯ ಪಕ್ಷವೊಂದರ ಜಿಲ್ಲಾ ಕಾರ್ಯಕರ್ತರು ರಾಷ್ಟ್ರಕ್ಕೇ ಕಲಿಸಿದ ಪಾಠ ಅದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಬೇಕೆಂದು ಗೌಡರು ಸದನದಲ್ಲಿ ಬಿಡದೆ ಒತ್ತಾಯಿಸುತ್ತಿದ್ದುದೂ ಇದೇ ನಿಲುವಿನಿಂದ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಇದು ಹತ್ತಿರದ ವಿಷಯ. ಮಗು ಮನೆಯಲ್ಲಿ ಆಡುವ ಭಾಷೆಗೆ ಗೌರವ ಸಿಗಬೇಕು, ನಾಡಿನ ಭಾಷೆಯಲ್ಲಿ ಮಗು ಯಾರಿಗೂ ಕಡಿಮೆ ಇರಬಾರದು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಕನ್ನಡ ಚೆನ್ನಾಗಿ ಬರುವ ನಮ್ಮ ಹುಡುಗ ತಹಶೀಲ್ದಾರರ ಕಚೇರಿಯಲ್ಲಿ ಯಾರ ಮುಂದೆಯೂ ಅರ್ಜಿ ಬರೆಸಿಕೊಳ್ಳಲು ನಿಲ್ಲಬೇಕಾಗಿಲ್ಲ.

ಹೆಗ್ಗೋಡಿನ ಕೊಡುಗೆಯನ್ನೂ ಇಲ್ಲೇ ಹೇಳಬೇಕು. ಲೋಹಿಯಾ ಅವರ ಬರಹಗಳನ್ನು ರಾಜಕೀಯದ ಮಧ್ಯೆ ಬಿಡುವು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರು ಕೆ.ವಿ. ಸುಬ್ಬಣ್ಣನವರು. ದೆಹಲಿಯ ವಿಚಾರ ಹಳ್ಳಿಗೆ ಬರಬೇಕಾದರೆ ಹಳ್ಳಿಯ ಭಾಷೆಯಲ್ಲೇ ಬರಬೇಕು ಎಂಬುದನ್ನು ಗೌಡರು ಸದನದಲ್ಲಿ ಮಾಡಿ ತೋರಿಸಿದರೆ ಸುಬ್ಬಣ್ಣನವರು ಪುಸ್ತಕದಲ್ಲಿ ಮಾಡಿ ತೋರಿಸಿದರು.

ಕೊನೆಯ ದಿನಗಳು ಮತ್ತು ನಂತರ

1967ರ ಅಕ್ಟೋಬರ್‌ನಲ್ಲಿ ಲೋಹಿಯಾ ತೀರಿಕೊಂಡರು. 1969ರಲ್ಲಿ ಕಾಂಗ್ರೆಸ್ ಒಡೆಯಿತು. 1971ರ ಲೋಕಸಭಾ ಚುನಾವಣೆಗೆ ಸಂಯುಕ್ತ ಸೋಷಲಿಸ್ಟ್ ಪಕ್ಷದ ರಾಷ್ಟ್ರೀಯ ನಾಯಕರು ಇಂದಿರಾ ಗಾಂಧಿಯವರನ್ನು ಸೋಲಿಸಲು ಸಂಸ್ಥಾ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷಗಳ ಜೊತೆ ಕೈಜೋಡಿಸಿದರು. ಕರ್ನಾಟಕದಲ್ಲಿ ಆಗ ಆಳುತ್ತಿದ್ದುದು ಅದೇ ಸಂಸ್ಥಾ ಕಾಂಗ್ರೆಸ್. ಇಲ್ಲಿಯ ಸಮಾಜವಾದಿಗಳು ವರ್ಷಗಟ್ಟಲೆ ಎದುರಿಸಿದ ಮುಖಂಡರೇ ದೆಹಲಿಯ ಲೆಕ್ಕದಲ್ಲಿ ಗೆಳೆಯರಾದರು. ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ದೆಹಲಿಯಲ್ಲಿ ಹಾಕಿದ ಲೆಕ್ಕ ಊರಿನ ಕಣದಲ್ಲಿ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಗೌಡರ ಆರೋಗ್ಯ ಕೆಟ್ಟಿತ್ತು. 1972ರ ಜೂನ್ 9ರಂದು ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ. ಮೂರು ಬಾರಿ ಶಾಸಕರಾದರೂ ಆಸ್ತಿ ಮಾಡಲಿಲ್ಲ, ಮಂತ್ರಿಯಾಗಲಿಲ್ಲ.

ಅವರು ಕೇಳಿದ್ದು ಅವರ ನಂತರ ಬಂತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಯಾಗಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಿದರು. ನಮ್ಮ ಹಿರಿಯರು ಡಿಕ್ಲರೇಷನ್ ಹಾಕುವುದು ಎನ್ನುತ್ತಿದ್ದುದು ಇದನ್ನೇ. ಭೂನ್ಯಾಯಮಂಡಳಿಗಳ ಮುಂದೆ ಎಲ್ಲ ಜಾತಿ, ಮತಗಳ ಬಡವರು ನಿಂತರು, ಗದ್ದೆ ಪಡೆದರು. ಈ ಕೆಲಸ ಮಾಡಿದವರು ಸಮಾಜವಾದಿಗಳಲ್ಲ, ಕಾಂಗ್ರೆಸ್ಸಿನ ಮುಖ್ಯಮಂತ್ರಿ ಡಿ. ದೇವರಾಜ ಅರಸು. ಕಾಗೋಡಿನಲ್ಲಿ ರೈತರನ್ನು ಜೈಲಿಗೆ ಹಾಕಿದ ಪಕ್ಷದಿಂದಲೇ ಕಾಗೋಡಿನ ಬೇಡಿಕೆ ಈಡೇರಿತು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಮ್ಮ ಸಮುದಾಯಕ್ಕೆ ಸ್ಥಾನ ಕೊಟ್ಟ 1977ರ ಆದೇಶವೂ ಅರಸು ಅವರ ಕಾಲದ್ದೇ. ಅದೇ ಅರಸು ಅವರು 1979ರಲ್ಲಿ ತಮ್ಮ ಪಕ್ಷದ ದೆಹಲಿಯ ನಾಯಕತ್ವದೊಡನೆ ಭಿನ್ನಾಭಿಪ್ರಾಯ ಬಂದು ಪಕ್ಷದಿಂದ ಹೊರಹಾಕಲ್ಪಟ್ಟರು. ಪಕ್ಷ ಯಾವುದಾದರೂ ಈ ಜಗಳ ತಪ್ಪಿದ್ದಲ್ಲ.

ನಮಗೇನು ಪಾಠ?

ಓದುಗ ಬಂಧುಗಳೇ, ನಾವು ರಾಜಕೀಯ ಪಕ್ಷವಲ್ಲ, ಶಿಕ್ಷಣ ಸಂಸ್ಥೆ. ಆದರೆ ಕೇಂದ್ರ ಸಮಿತಿ ಮತ್ತು ಊರಿನ ಶಾಖೆ ಇರುವ ಕಡೆಯೆಲ್ಲ ಈ ಪ್ರಶ್ನೆ ಇದ್ದೇ ಇರುತ್ತದೆ. ಹಿಂದೆ ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಒಂದು ಸಂಘದವರು ಹೆಣ್ಣುಮಕ್ಕಳ ಕಾಲೇಜು ಶುಲ್ಕಕ್ಕೆ ವಿದ್ಯಾರ್ಥಿವೇತನ ಕಳಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಆ ಊರಿನ ಹುಡುಗಿಯರು ಏಳನೇ ತರಗತಿಗೇ ಓದು ನಿಲ್ಲಿಸುತ್ತಿದ್ದರು, ಹೈಸ್ಕೂಲಿಗೆ ಹೋಗಲು ಬಸ್ಸಿರಲಿಲ್ಲ. ಹಣ ಬಳಕೆಯಾಗದೆ ವಾಪಸು ಹೋಯಿತು. ಅದನ್ನು ಜೀಪಿನ ಬಾಡಿಗೆಗೆ ಬಳಸಲು ಅನುಮತಿ ಕೊಡಿ ಎಂದು ಒಂದು ಕಾಗದ ಬರೆಯುವ ಧೈರ್ಯ ಊರಿನ ನಮಗ್ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಆ ವರ್ಷ ಓದು ಬಿಟ್ಟ ಹುಡುಗಿಯರ ಮುಖ ಇಂದಿಗೂ ನೆನಪಿದೆ.

ಗೋಪಾಲಗೌಡರಾಗಿದ್ದರೆ ಆ ಕಾಗದ ಬರೆಯುತ್ತಿದ್ದರು. ಸಂಘ ಬಿಟ್ಟು ಹೋಗುತ್ತಿರಲಿಲ್ಲ, ಸುಮ್ಮನೆಯೂ ಇರುತ್ತಿರಲಿಲ್ಲ. ಮೇಲಿನವರಿಗೆ ಊರಿನ ಸ್ಥಿತಿ ತಿಳಿಸುವುದು, ತಾನು ಇತರರನ್ನು ಅಳೆಯುವ ಕೊಳಗದಲ್ಲೇ ತನ್ನವರನ್ನೂ ಅಳೆಯುವುದು, ಶಾಖೆಯಲ್ಲಿರುವವರ ಕೆಲಸ ಇದೇ. ವಿದ್ಯಾರ್ಥಿಗಳೇ, ನಾಳೆ ನೀವು ಯಾವುದೋ ಜಮಾಅತ್ತಿನ, ಸಂಘದ, ಪಕ್ಷದ ಸದಸ್ಯರಾಗುವಿರಿ. ಆಗ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕೊಳಗವಿದ್ದರೆ ಒಮ್ಮೆ ಕೆಳಗಿಳಿಸಿ ನೋಡಿ. ಅಲ್ಲಾಹನು ನಮಗೆಲ್ಲರಿಗೂ ಸರಿಯಾಗಿ ಅಳೆಯುವ ಬುದ್ಧಿ ಕೊಡಲಿ.